ಮೂರು ಮೆಟ್ಟಿಲಷ್ಟು ತಗ್ಗು

ಟ್ರಂಕುಗಳು ಒಟ್ಟು ಏಳು. ಐದು ತಗಡಿನವು, ಎರಡು ಮರದವು. ಕಂಪ್ಲಿಯ ಅಕ್ಕಿ ಗಿರಣಿಯ ಮಹಡಿಯಲ್ಲಿ, ಖಾಲಿ ಗೋಣಿಚೀಲಗಳ ರಾಶಿಯ ಹಿಂದೆ ಅವನ್ನು ಗೋಡೆಗೆ ಒತ್ತಿ ಇಟ್ಟಿದ್ದರು. ಕೆಳಗೆ ಗಿರಣಿ ತಿರುಗುವಷ್ಟು ಹೊತ್ತು ಮಹಡಿಯ ಹಲಗೆ ನಡುಗುತ್ತಿತ್ತು. ತೌಡಿನ ಧೂಳು ಸಂದಿಗಳಿಂದ ಮೇಲೆದ್ದು ಕಾಗದಗಳ ಮೇಲೆ ಕೂರುತ್ತಿತ್ತು. ಬೆಳಿಗ್ಗೆ ಒರೆಸಿಟ್ಟ ಕಡತದ ಮೇಲೆ ಮಧ್ಯಾಹ್ನದ ಹೊತ್ತಿಗೆ ಬೆರಳಿನಿಂದ ಹೆಸರು ಬರೆಯಬಹುದಾಗಿತ್ತು.

ಕಾಗದಗಳು ಗಿರಣಿ ಸಾಹುಕಾರರ ಅಣ್ಣನವು. ಅವರು ನೀರಾವರಿ ಎಂಜಿನಿಯರಾಗಿ ಹೊಸಪೇಟೆ ಕಡೆಯ ಕಾಲುವೆಗಳ ಮೇಲೆ ಬಹಳ ವರ್ಷ ದುಡಿದು, ಕೆಲಸಕ್ಕೆ ರಾಜೀನಾಮೆ ಕೊಟ್ಟು, ಯುದ್ಧಕ್ಕೆ ಮುಂಚಿನ ಚುನಾವಣೆಯಲ್ಲಿ ಗೆದ್ದು ಮದ್ರಾಸಿನ ಶಾಸನಸಭೆಗೆ ಹೋದವರು. ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ನೆನಪಿಗೆ ಒಂದು ಪುಸ್ತಕ ಮಾಡಬೇಕು, ಅದಕ್ಕೆ ಮೊದಲು ಕಾಗದಗಳನ್ನು ಜೋಡಿಸಿ ಪಟ್ಟಿ ಮಾಡಬೇಕು ಎಂದು ಸಾಹುಕಾರರು ನನ್ನನ್ನು ಕರೆಸಿದ್ದರು. ನಾನು ಬಳ್ಳಾರಿಯ ಒಂದು ವಾರಪತ್ರಿಕೆಯಲ್ಲಿ ಉಪಸಂಪಾದಕ. ಯುದ್ಧ ಮುಗಿದಿದ್ದರೂ ಮುದ್ರಣ ಕಾಗದದ ಕಟ್ಟುನಿಟ್ಟು ಮುಗಿದಿರಲಿಲ್ಲ. ಪತ್ರಿಕೆ ನಾಲ್ಕು ಪುಟಕ್ಕೆ ಇಳಿದಿತ್ತು. ವಾರದಲ್ಲಿ ನಾಲ್ಕು ದಿನ ನನಗೆ ಬಿಡುವಿತ್ತು.

ಕೆಲಸಕ್ಕೆ ಕೂರುವ ಮೊದಲು ನಾನೇ ಮೂರು ನಿಯಮ ಹಾಕಿಕೊಂಡೆ. ಕಾಗದ ಸಿಕ್ಕ ಕ್ರಮವನ್ನು ಕೆಡಿಸಬಾರದು. ನಂಬರು ಹಾಕದೆ ಯಾವುದನ್ನೂ ಓದಬಾರದು. ಒಂದು ಚೀಟಿಯೂ ಆ ಕೋಣೆ ಬಿಟ್ಟು ಹೊರಗೆ ಹೋಗಬಾರದು. ಮೂರನೆಯದು ನನ್ನ ಸಂಪಾದಕರಿಂದ ಕಲಿತದ್ದು. ಮೂಲ ಪತ್ರ ಕಚೇರಿಯಲ್ಲಿದ್ದರೆ ಮಾತ್ರ ಪತ್ರಿಕೆಯ ತಲೆ ಕುತ್ತಿಗೆಯ ಮೇಲಿರುತ್ತದೆ ಎಂದು ಅವರು ಹೇಳುತ್ತಿದ್ದರು.

ಮೊದಲ ಎರಡು ಟ್ರಂಕಿನಲ್ಲಿ ನಕ್ಷೆಗಳು. ಹಂಪಿಯ ಸುತ್ತಲಿನ ಅರಸರ ಕಾಲದ ಕಾಲುವೆಗಳನ್ನು ಅವರು ಕೈಯಾರೆ ಬರೆದುಕೊಂಡಿದ್ದರು. ಎಲ್ಲಿ ಬಂಡೆ ಸುತ್ತಿ ಹೋಗುತ್ತದೆ, ಎಲ್ಲಿ ಸೋರುತ್ತದೆ ಎಂಬುದೆಲ್ಲ ಅದರಲ್ಲಿತ್ತು. ಮೂರನೆಯದರಲ್ಲಿ ಗೆದ್ದಲು ಹಿಡಿದ ಭಾಷಣಗಳು. ನಾಲ್ಕನೆಯದರಲ್ಲಿ ‘ಕೇಳಬೇಕಾದ ಪ್ರಶ್ನೆಗಳು’ ಎಂಬ ಕಡತ, ಶಾಸನಸಭೆಯಲ್ಲಿ ಕೇಳಲೆಂದು ಬರೆದಿಟ್ಟ ಕರಡುಗಳು. ಕೇಳಿದ್ದಕ್ಕೆ ಕೆಂಪು ಗೆರೆ, ಕೇಳದೆ ಬಿಟ್ಟದ್ದಕ್ಕೆ ನೀಲಿ ಗೆರೆ. ಐದನೆಯದರಲ್ಲಿ ಮನೆಯ ಲೆಕ್ಕಪತ್ರ. ಮರದ ಪೆಟ್ಟಿಗೆಗಳನ್ನು ನಾನಿನ್ನೂ ತೆರೆದಿರಲಿಲ್ಲ. ಎರಡನೆಯ ವಾರ, ಒಂದು ಮಧ್ಯಾಹ್ನ, ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಅರವತ್ತರ ಆಸುಪಾಸಿನ ರೈತರೊಬ್ಬರು ಏಣಿ ಹತ್ತಿ ಮೇಲೆ ಬಂದರು.

“ಪೇಪರ್‌ನೋರು ಅಂದ್ರ ನೀವೇನ್ರಿ?”

“ಹೌದ್ರಿ. ಬರ್ರಿ, ಕುಂದ್ರಿ.”

“ಕುಂದ್ರಾಕ ಬಂದಿಲ್ರಿ. ಈ ಮನಿ ದೊಡ್ಡ ಸಾಹೇಬ್ರು ನಮ್ಮೂರಾಗ ದುರ್ಬೀನ್ ಇಟ್ಟು ನೋಡಿ ಒಂದು ಪುಸ್ತಕದಾಗ ಬರಕೊಂಡು ಹೋಗಿದ್ರು. ಆ ಪುಸ್ತಕ ಬೇಕಿತ್ತು.” ಟ್ರಂಕುಗಳ ಕಡೆ ನೋಡಿ, “ಅಬಬಬ, ಏಳು ಪೆಟ್ಟಿಗಿ! ನಮ್ಮೂರ ಮಂದಿ ಹುಟ್ಟಿದ್ದು ಸತ್ತಿದ್ದು ಎಲ್ಲಾ ಬರೆಸಿದ್ರೂ ಒಂದು ಚೀಲ ತುಂಬಾಂಗಿಲ್ಲ ನೋಡ್ರಿ,” ಎಂದು ನಕ್ಕರು.

ಅವರು ಹೊಸಪೇಟೆಯಿಂದ ಮರಿಯಮ್ಮನಹಳ್ಳಿಗೆ ಹೋಗುವ ದಾರಿಯಿಂದ ಒಳಗೆ, ಹೊಳೆಯ ಕಡೆಗಿರುವ ಒಂದು ಹಳ್ಳಿಯ ಗೌಡರು. ಅಣೆಕಟ್ಟು ಕಟ್ಟುವುದು ಖಾತ್ರಿಯಾಗಿ, ಯಾವ ಊರುಗಳು ನೀರಿನಲ್ಲಿ ಹೋಗುತ್ತವೆ ಎಂಬ ಪಟ್ಟಿ ಆಗಷ್ಟೇ ಹೊರಟಿತ್ತು. ಪಟ್ಟಿಯಲ್ಲಿ ಅವರ ಊರಿತ್ತು. ಊರು ಬಿಡಲು ಒಪ್ಪಿ ಗಡುವಿನೊಳಗೆ ಅರ್ಜಿ ಹಾಕಿದವರಿಗೆ ಕಂಪ್ಲಿ ಕಡೆ, ಕಾಲುವೆಯ ನೀರು ಹಾಯುವ ಜಮೀನು, ಇಡೀ ಊರಿಗೆ ಒಂದೇ ಕಡೆ. ಗಡುವು ಮೀರಿದವರಿಗೆ ಎಲ್ಲಿ ಉಳಿದಿರುತ್ತದೋ ಅಲ್ಲಿ, ಬೇರೆ ಬೇರೆಯಾಗಿ, ಒಣ ಭೂಮಿ. ಅರ್ಜಿಗೆ ಹದಿನೈದು ದಿನ ಉಳಿದಿತ್ತು. ಊರಿನವರು ಒಬ್ಬರೂ ಹಾಕಿರಲಿಲ್ಲ. ಚುನಾವಣೆಯ ಕಾಲದಲ್ಲಿ ಎಂಜಿನಿಯರು ಅಲ್ಲಿಗೆ ಬಂದು, ಈಶ್ವರ ಗುಡಿಯ ಅಂಗಳದಲ್ಲಿ ಎತ್ತರ ಅಳೆಯುವ ಲೆವೆಲ್ ಯಂತ್ರ ನಿಲ್ಲಿಸಿ ನೋಡಿ, ಹೊಲ ಮುಳುಗಿದರೂ ಮನೆಗಳ ಹೊಸ್ತಿಲಿಗೆ ನೀರು ಬರುವುದಿಲ್ಲ ಎಂದು ಎಲ್ಲರೆದುರು ಹೇಳಿದ್ದರು. ಆ ಮಾತನ್ನು ಹಿಡಿದು, ಯಾರೂ ಹೆಬ್ಬೆಟ್ಟು ಒತ್ತಬೇಡಿ ಎಂದು ಊರನ್ನು ತಡೆದವರು ಇದೇ ಗೌಡರು.

“ಕಚೇರ್ಯಾಗ ಹೇಳಿದೆ. ಕಾಗದ ಐತೇನು ಅಂತಾರ. ಬಾಯಿಮಾತಿಗೆ ಊರು ಉಳಿಯಾಂಗಿಲ್ಲಂತ. ಅದಕ್ಕ ಬಂದೆ.”

ಹುಡುಕಿ ನೋಡುತ್ತೇನೆ, ಸಿಕ್ಕದ್ದನ್ನು ನಾನೇ ಊರಿಗೆ ಬಂದು ತಿಳಿಸುತ್ತೇನೆ ಎಂದೆ. ಅಂದೇ ಮರದ ಪೆಟ್ಟಿಗೆಗಳನ್ನು ತೆರೆದೆ. ಕ್ರಮ ತಪ್ಪಿಸಬಾರದೆಂಬ ನಿಯಮಕ್ಕೆ ನಂಬರು ಹಾಕುತ್ತಲೇ ಹೋದದ್ದರಿಂದ ಮೂರು ದಿನ ಹಿಡಿಯಿತು. ಎತ್ತರದ ಅಳತೆ ಬರೆದಿಡುವ ಲೆವೆಲ್ ಪುಸ್ತಕಗಳು ನಲವತ್ತರ ಮೇಲಿದ್ದವು. ಉದ್ದನೆಯ, ಅಂಗೈ ಅಗಲದ, ಕ್ಯಾನ್ವಾಸು ರಟ್ಟಿನವು. ಎಲ್ಲವೂ ಪೆನ್ಸಿಲಿನಲ್ಲಿ. ರಬ್ಬರು ಮುಟ್ಟಿಸುವಂತಿಲ್ಲ, ತಪ್ಪಿದ ಅಂಕಿಯ ಮೇಲೆ ಒಂದು ಗೆರೆ ಎಳೆದು ಸರಿಯಾದದ್ದನ್ನು ಮೇಲೆ ಬರೆಯಬೇಕು. ಆ ಶಿಸ್ತು ನನಗೆ ಹಿಡಿಸಿತು. ನಮ್ಮ ಪ್ರೂಫ್ ತಿದ್ದುವ ಕ್ರಮವೂ ಅದೇ.

ಊರಿನ ಹೆಸರು ಮೂರು ಕಡೆ ಸಿಕ್ಕಿತು. ಮೊದಲನೆಯದು ಬಹಳ ಹಳೆಯದು: ಅವರು ಇನ್ನೂ ಕೆಲಸದಲ್ಲಿದ್ದಾಗ, ಈಶ್ವರ ಗುಡಿಯ ಮೆಟ್ಟಿಲ ಕಲ್ಲಿನ ಮೇಲೆ ಎತ್ತರದ ಗುರುತು ಕೆತ್ತಿಸಿದ ದಾಖಲೆ. ಒಂದು ಅಡ್ಡಗೆರೆ, ಅದರ ಕೆಳಗೆ ಮೂರು ಗೆರೆಯ ಬಾಣ. ಸರ್ಕಾರದ ಅಳತೆಯವರು ಎಲ್ಲ ಕಡೆ ಕೆತ್ತುವುದು ಅದನ್ನೇ. ಎರಡನೆಯದು ಚುನಾವಣೆಯ ವರ್ಷದ್ದು: ಅದೇ ಕಲ್ಲಿನಿಂದ ಹೊರಟು ಊರಿನ ತೀರ ತಗ್ಗಿನ ಹೊಸ್ತಿಲವರೆಗೆ ನೋಡಿದ ಅಳತೆ. ಅಣೆಕಟ್ಟಿನ ನೀರು ನಿಲ್ಲುವ ಗೆರೆಗಿಂತ ಹೊಸ್ತಿಲು ಎರಡು ಅಡಿ ಮೇಲಿತ್ತು. ಗೌಡರಿಗೆ ಬೇಕಾದ ಪುಟ ಅದೇ. ಮೂರನೆಯದು ಕೊನೆಯ ಪುಸ್ತಕದ ಕೊನೆಯ ಪುಟ. ಅದು ಚುನಾವಣೆಯ ಮರುವರ್ಷದ್ದು. ಅಳತೆ ರೈಲ್ವೆ ಮೋರಿಯ ಮೇಲಿನ ಗುರುತಿನಿಂದ ಹೊರಟು ಹೊಲಗಳ ಮೇಲೆ ಬಂದು ಗುಡಿಯ ಕಲ್ಲಿನಲ್ಲಿ ಮುಗಿದಿತ್ತು. ಕೊನೆಯ ಅಂಕಿಯ ಕೆಳಗೆ ಎರಡು ಗೆರೆ. ಷರಾ ಬರೆಯುವ ಅಂಕಣದಲ್ಲಿ, ಉಳಿದೆಲ್ಲ ಇಂಗ್ಲಿಷಿನಲ್ಲಿದ್ದರೂ ಅಲ್ಲಿ ಮಾತ್ರ, ಕನ್ನಡದಲ್ಲಿ ಎರಡು ಪದ: ‘ಕಲ್ಲು ಸರಿದಿದೆ.’

ಆ ಪುಟ ನನಗೆ ಪೂರ್ತಿ ಓದಲು ಬರುತ್ತಿರಲಿಲ್ಲ. ಎಂಜಿನಿಯರ ಕೈಕೆಳಗೆ ದುಡಿದ ಓವರ್ಸಿಯರೊಬ್ಬರು ಸಂಡೂರಿನಲ್ಲಿ ಮಗಳ ಮನೆಯಲ್ಲಿದ್ದಾರೆಂದು ತಿಳಿದು, ಅಂಕಿಗಳನ್ನು ನಕಲು ಮಾಡಿಕೊಂಡು ಹೋದೆ. ಇದ್ದಿಲ ಗ್ಯಾಸಿನ ಬಸ್ಸು ಘಟ್ಟದಲ್ಲಿ ಎರಡು ಸಲ ನಿಂತಿತು. ಗಣಿಯ ಕೆಂಪು ಮಣ್ಣು ಮೈತುಂಬ ಮೆತ್ತಿಕೊಂಡು ಅವರ ಪಡಸಾಲೆಯಲ್ಲಿ ಕೂತಾಗ ಅವರು ನಕಲನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು.

“ಕೂಡಿಸಿ ನೋಡಿರೇನು?”

“ನೋಡಿದೆ. ಸರಿಬಂತು.”

“ಪತ್ರಿಕೆಯೋರಿಗೆ ಕೂಡಸೋದು ಬರತೈತಿ, ಕಳೆಯೋದು ಬರಾಂಗಿಲ್ಲ.” ಉಗುರಿನಿಂದ ಎರಡು ಅಂಕಿ ತೋರಿಸಿದರು. “ಇದು ಕಲ್ಲು ಕೆತ್ತಿದಾಗ ಇದ್ದ ಎತ್ತರ. ಇದು ಮೋರಿಯಿಂದ ಬಂದಾಗ ಸಿಕ್ಕ ಎತ್ತರ. ಎರಡೂ ಒಂದಾಗಬೇಕಿತ್ತು. ಎರಡೂವರೆ ಅಡಿ ಕಡಿಮಿ ಬಂದೈತಿ. ಮೋರಿ ಎಲ್ಲಿಗೂ ಹೋಗಾಂಗಿಲ್ಲ. ಕಲ್ಲೇ ಕೆಳಗ ಇಳದೈತಿ.”

“ಅಂದ್ರ ಹೊಸ್ತಿಲು?”

“ಆ ಕಲ್ಲಿನಿಂದ ಅಳದಿದ್ದಲ್ಲೇನು, ಕಲ್ಲು ಎಷ್ಟು ಇಳಿದೈತೋ ಲೆಕ್ಕದಾಗ ಹೊಸ್ತಿಲೂ ಅಷ್ಟು ಇಳೀತು. ಎರಡಡಿ ಮೇಲೈತಿ ಅಂದಿದ್ದು ನೀರಿನ ಕೆಳಗೆ ಅರ್ಧ ಅಡಿ. ಅದೂ ಎಲ್ಲಾಕ್ಕಿಂತ ಹಗುರಾಗಿ ಹೇಳಿದ್ದು. ಮಳಿಗಾಲದಾಗ ಅಲೆ ಎದ್ದಾಗ ನೋಡಬೇಕು.”

ಮೋರಿಯಿಂದ ಅಳೆದ ಆ ದಿನ ಯಂತ್ರ ಹೊತ್ತವರಲ್ಲಿ ತಾವೂ ಒಬ್ಬರು ಎಂದು ಅವರು ಕೇಳದೆಯೇ ಹೇಳಿದರು. “ಸಾಹೇಬ್ರು ಎರಡು ಸಲ ನೋಡಿದ್ರು. ಮೂರನೇ ಸಲ ನೋಡಲಿಲ್ಲ. ಪುಸ್ತಕ ಮುಚ್ಚಿ, ಊರಾಗ ಹಾಲು ಕುಡಿದು ಹೋಗ್ರಿ ಅಂತ ಮಂದಿ ಕರೆದ್ರೂ ನಿಲ್ಲಲಿಲ್ಲ. ದಾರ್‍ಯಾಗ ಮಾತೂ ಆಡಲಿಲ್ಲ.”

ಒಬ್ಬ ಸಾಕ್ಷಿ ಸಾಲದು ಎಂಬುದು ಪತ್ರಿಕೆಯ ಪಾಠ. ಕಂಪ್ಲಿಗೆ ಹಿಂದಿರುಗಿ ‘ಕೇಳಬೇಕಾದ ಪ್ರಶ್ನೆಗಳು’ ಕಡತವನ್ನು ಮತ್ತೆ ತಿರುವಿದೆ. ಅದರಲ್ಲಿ ಸಿಕ್ಕಿತು. ಆ ಊರಿನ ಎತ್ತರವನ್ನು ಸರ್ಕಾರ ಮತ್ತೊಮ್ಮೆ ಅಳೆಸುವುದೇ, ಮುಳುಗುವುದಾದರೆ ಊರವರಿಗೆ ಈಗಲೇ ತಿಳಿಸುವುದೇ ಎಂಬ ಪ್ರಶ್ನೆಯ ಕರಡು, ಅವರದೇ ಅಕ್ಷರ. ಮೇಲಿನಿಂದ ಕೆಳಗಿನವರೆಗೆ ನೀಲಿ ಗೆರೆ.

ಅವರಿಗೆ ಗೊತ್ತಿತ್ತು. ಕೇಳಬೇಕೆಂದುಕೊಂಡಿದ್ದರು. ಕೇಳಲಿಲ್ಲ. ಏಕೆ ಎಂಬುದಕ್ಕೆ ಏಳು ಟ್ರಂಕುಗಳಲ್ಲಿ ಉತ್ತರ ಸಿಗಲಿಲ್ಲ. ಊಹಿಸುವುದು ನನ್ನ ಕೆಲಸವಾಗಿರಲಿಲ್ಲ.

ಆ ಕೊನೆಯ ಲೆವೆಲ್ ಪುಸ್ತಕವನ್ನು ಒಂದು ದಿನದ ಮಟ್ಟಿಗೆ ಊರಿಗೆ ಒಯ್ದು ತೋರಿಸಲು ಅನುಮತಿ ಕೊಡಿ ಎಂದು ಸಾಹುಕಾರರನ್ನು ಕೇಳಿದೆ. ಅವರು ಗಿರಣಿಯ ಬಾಗಿಲಲ್ಲಿ ಭತ್ತದ ತೇವ ನೋಡುತ್ತಿದ್ದರು. ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ಉಗಿದು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

“ನಮ್ಮಣ್ಣ ಈ ಸೀಮಿಗೆ ನೀರು ತಂದಾನ. ಅವನ ಹೆಸರು ಎರಡೂವರೆ ಅಡಿಗೆ ಬೀಳಬೇಕೇನ್ರಿ?”

“ಹೆಸರಿನ ಮಾತಲ್ಲರಿ. ಅರ್ಜಿಗೆ ಎಂಟು ದಿನ ಉಳಿದೈತಿ.”

“ಅರ್ಜಿ ಹಾಕ್ರಿ ಅಂತ ನೀವು ಹೇಳ್ರಿ, ನಾನೂ ಹೇಳತೀನಿ. ಪುಸ್ತಕ ಮಾತ್ರ ಮ್ಯಾಲಿಂದ ಇಳಿಯಾಂಗಿಲ್ಲ. ನೀವೇ ನಿಯಮ ಮಾಡಿಲ್ಲೇನು, ಚೀಟಿ ಸುದ್ದಾ ಹೊರಗ ಹೋಗಬಾರದು ಅಂತ?”

ನಿಜ. ನಿಯಮ ನನ್ನದೇ. ಪುಸ್ತಕ ಜೇಬಿಗೆ ಹಿಡಿಯುವಷ್ಟು ಸಣ್ಣದು. ಮಹಡಿಯಲ್ಲಿ ನಾನೊಬ್ಬನೇ ಇರುತ್ತಿದ್ದೆ. ಆ ಸಂಜೆ ಅದನ್ನು ಎರಡು ಸಲ ಕೈಗೆತ್ತಿಕೊಂಡು ಎರಡು ಸಲವೂ ಅದರ ನಂಬರಿನ ಜಾಗದಲ್ಲೇ ಇಟ್ಟೆ. ಪುಟವನ್ನು ಅಂಕಿ ಬಿಡದೆ ನಕಲು ಮಾಡಿ, ಕೆಳಗೆ ಸಹಿ ಹಾಕಿ, ನಕಲಿನೊಂದಿಗೆ ಊರಿಗೆ ಹೊರಟೆ. ಸುದ್ದಿ ಬರೆಯುವವನು ಸುದ್ದಿ ಹೊತ್ತುಕೊಂಡು ಹೋಗಬಾರದು ಎಂಬ ಇನ್ನೊಂದು ನಿಯಮವನ್ನು ಅಂದು ಮುರಿದೆ. ಮುರಿಯಬೇಕಾಗಿದ್ದದ್ದು ಚೀಟಿ ಹೊರಗೆ ಹೋಗಬಾರದೆಂಬ ಆ ಮೂರನೆಯದನ್ನು ಎಂದು ಊರು ತಲುಪಿದ ಮೇಲೆ ತಿಳಿಯಿತು.

ಗುಡಿಯ ಮುಂದೆ ಐದು ಮೆಟ್ಟಿಲು. ನಾಲ್ಕು ಸವೆದು ನುಣುಪಾಗಿದ್ದವು. ಮೇಲಿನಿಂದ ಎರಡನೆಯದು ಮಾತ್ರ ಹೊಸ ಕಲ್ಲು, ಉಳಿಯ ಗುರುತು ಇನ್ನೂ ಒರಟಾಗಿತ್ತು. ಹಳೆಯ ಕಲ್ಲನ್ನು ಅಂಗಳದಲ್ಲಿ, ಬಸವಣ್ಣನ ಮುಂದೆ ನೆಲದ ಮೇಲೆ ಕೂಡಿಸಿದ್ದರು. ಬಾಣದ ಮೂರು ಗೆರೆಗೆ ವಿಭೂತಿ, ನಡುವೆ ಕುಂಕುಮ, ಒಣಗಿದ ಕಣಗಿಲೆ ಹೂ.

“ಇದನ್ನ ಯಾವಾಗ ಇಳಿಸಿದ್ರಿ?” ಎಂದೆ.

“ಭಾಳ ವರ್ಷ ಆತು. ಚುನಾವಣಿಗಿಂತ ಮೊದಲ. ನಾನೇ ಹೊತ್ತಿದ್ದೆ, ಮತ್ತೆ ಮೂವರು.” ಗೌಡರ ದನಿಯಲ್ಲಿ ಅಳುಕಿರಲಿಲ್ಲ. “ತ್ರಿಶೂಲ ಐತಲ್ರಿ ಅದರ ಮ್ಯಾಲೆ. ಮೊದಮೊದಲು ಮಂದಿ ನೋಡಿದ್ದಿಲ್ಲ. ನೋಡಿದ ಮ್ಯಾಲೆ ತುಳಿಯಾಕ ಆಗತೈತೇನು? ಹೆಣ್ಮಕ್ಕಳು ಆ ಮೆಟ್ಟಲ ದಾಟಾಕ ಹೋಗಿ ಬೀಳತಿದ್ರು. ಅದಕ್ಕ ತಗದು ಸ್ವಾಮಿ ಮುಂದ ಕೂಡಿಸಿದ್ವಿ.”

ಅದು ಇದ್ದ ಜಾಗಕ್ಕೂ ಈಗಿನ ಜಾಗಕ್ಕೂ ನಡುವೆ ಮೂರು ಮೆಟ್ಟಿಲಿನ ವ್ಯತ್ಯಾಸ. ಗೇಣಿನಿಂದ ಅಳೆದೆ. ಎರಡೂವರೆ ಅಡಿ. ಎಂಜಿನಿಯರು ಗುಡಿಯನ್ನು ನೋಡಿ, ತಾವೇ ಕೆತ್ತಿಸಿದ ಗುರುತನ್ನು ನೋಡಿ, ಕಲ್ಲು ಮೊದಲಿದ್ದ ಕಡೆಯೇ ಇದೆಯೆಂದು ನಂಬಿಬಿಟ್ಟಿದ್ದರು. ಚುನಾವಣೆಯ ಆ ದಿನ ಹಲಗೆ ಬಡಿತ, ಹಾರ, ಜನ. ಹಳೆಯ ಪುಸ್ತಕದ ಷರಾ ಓದಿ ಮೆಟ್ಟಿಲು ಎಣಿಸುವ ಪುರುಸೊತ್ತು ಯಾರಿಗಿತ್ತು?

ಊರಿನ ಹಿರಿಯರು ಕಟ್ಟೆಯ ಮೇಲೆ ಸೇರಿದರು. ನಾನು ನಕಲು ತೆಗೆದು ಇದ್ದದ್ದನ್ನು ಇದ್ದಂತೆ ಹೇಳಿದೆ. ಅಳತೆ, ಓವರ್ಸಿಯರ ಮಾತು, ನೀಲಿ ಗೆರೆ. ನಕಲು ಕೈಯಿಂದ ಕೈಗೆ ಹೋಯಿತು. ಆಮೇಲೆ ಹಿಂದಿನಿಂದ ಒಬ್ಬ ಕೇಳಿದ:

“ಇದು ಸಾಹೇಬ್ರ ಅಕ್ಷರ ಹೌದೇನ್ರಿ?”

“ಅಲ್ಲ. ನನ್ನದು. ಮೂಲ ಕಂಪ್ಲಿಯೊಳಗೈತಿ.”

“ಹಂಗಾದ್ರ ನೀವು ಹೇಳಿದ್ದನ್ನ ನೀವೇ ಬರಕೊಂಡು ಬಂದೀರಿ.” ಜನ ನಕ್ಕರು. ಅವನಿಗೆ ಹುರುಪು ಬಂತು. “ಪೇಪರ್‌ನೋರು ಅಂದ್ರ ಹಿಂಗ ನೋಡ್ರಿ. ಈ ವಾರ ಒಂದು ಬರೀತಾರ, ಮುಂದಿನ ವಾರ ತಪ್ಪಾತು ಅಂತ ಮೂಲ್ಯಾಗ ಸಣ್ಣಕ್ಷರದಾಗ ಹಾಕತಾರ.”

ನಾನೇ ಅಂಥ ಸಾಲುಗಳನ್ನು ಬರೆದಿದ್ದೆ. ಏನೇ ಇರಲಿ, ಅರ್ಜಿ ಹಾಕಿಬಿಡಿ, ಊರು ಉಳಿದರೆ ಉಳಿಯಲಿ ಎಂದೆ. ಅರ್ಜಿಯಲ್ಲಿ ‘ಊರು ಬಿಡಲು ಒಪ್ಪಿದ್ದೇವೆ’ ಎಂಬ ಸಾಲಿದೆ, ಒಪ್ಪಿ ಹೆಬ್ಬೆಟ್ಟು ಒತ್ತಿದ ಮೇಲೆ ಉಳಿಯುವುದೆಲ್ಲಿ ಬಂತು ಎಂದರು. ಅದೂ ಸರಿಯೇ.

ಗೌಡರು ಮಾತ್ರ ನಕ್ಕಿರಲಿಲ್ಲ. ನನ್ನನ್ನು ಬೀಳ್ಕೊಡಲು ದಾರಿಯವರೆಗೆ ಬಂದಾಗ ಕೇಳಿದರು, “ಸಾಹೇಬ್ರಿಗೆ ಗೊತ್ತಿತ್ತು ಅಂತೀರಿ. ಗೊತ್ತಿದ್ದೂ ಹೇಳಲಿಲ್ಲ ಅಂತೀರಿ. ನಮ್ಮನ್ಯಾಗ ರೊಟ್ಟಿ ಉಂಡಾರ್ರಿ ಅವರು.”

“ಮತ್ತೊಮ್ಮೆ ಅಳೆಸೋಣ. ಅಧಿಕಾರಿ ಬಂದು ಕಲ್ಲು ನೋಡಲಿ. ನನ್ನ ಮಾತು ಬ್ಯಾಡ, ಅವರ ಮಾತೂ ಬ್ಯಾಡ.”

ಇದಕ್ಕೆ ಅವರು ಒಪ್ಪಿದರು. ಊರಿನ ಪರವಾಗಿ ಮರು ಅಳತೆಯ ಮನವಿಯನ್ನು ನಾನೇ ಬರೆದು ಹೊಸಪೇಟೆಯ ಕಚೇರಿಗೆ ಕೊಟ್ಟೆ. ನಾಲ್ಕು ದಿನಕ್ಕೆ ಉತ್ತರ ಬಂತು: ಗಡುವಿನೊಳಗೆ ಕಳಿಸಲು ಅಳತೆಯವರಿಲ್ಲ; ಸಾಕ್ಷ್ಯವಿದ್ದರೆ ಕಚೇರಿಗೆ ಹಾಜರುಪಡಿಸಬಹುದು. ಅದನ್ನು ಹಾಗೆಯೇ ಊರಿಗೆ ಓದಿ ಹೇಳಿಸಿದೆ. ಸಾಹುಕಾರರನ್ನು ಮತ್ತೆ ಕೇಳಿದೆ. ಅವರು ಮಹಡಿಯ ಬಾಗಿಲಿಗೆ ಬೀಗ ಹಾಕಿಸಿದ್ದರು.

ಗಡುವಿನ ದಿನ ನಾನು ಬೆಳಿಗ್ಗೆಯೇ ಕಚೇರಿಯ ಜಗುಲಿಯಲ್ಲಿದ್ದೆ. ಹನ್ನೆರಡಾಯಿತು, ಎರಡಾಯಿತು. ಮೂರೂವರೆಗೆ ಎತ್ತಿನ ಗಾಡಿಯೊಂದು ಅಂಗಳಕ್ಕೆ ಬಂತು. ಗೌಡರು ಮತ್ತು ನಾಲ್ವರು ಗಾಡಿಯ ಪಕ್ಕ ಬರಿಗಾಲಲ್ಲಿ ನಡೆದು ಬಂದಿದ್ದರು. ಗಾಡಿಯಲ್ಲಿ ಹುಲ್ಲಿನ ಮೇಲೆ ಹೊಸ ಧೋತರ ಹಾಸಿ, ಅದರ ಮೇಲೆ ಕಲ್ಲನ್ನು ಮಲಗಿಸಿದ್ದರು. ವಿಭೂತಿ ಹೊಸದಾಗಿ ಬಳಿದಿತ್ತು.

ಏಕೆ ತಂದರೆಂದು ನೋಡಿದೊಡನೆ ತಿಳಿಯಿತು. ಆ ಸೀಮೆಯ ಪಂಚಾಯಿತಿಯ ಕ್ರಮ ನನಗೆ ಗೊತ್ತಿಲ್ಲದ್ದಲ್ಲ. ಪಂಚರು ಸಾಕ್ಷಿಯ ಮನೆಗೆ ಹೋಗುವುದಿಲ್ಲ, ಸಾಕ್ಷಿಯೇ ಕಟ್ಟೆಗೆ ಬರಬೇಕು. ಅಧಿಕಾರಿ ಬರುವುದಿಲ್ಲವೆಂದ ಮೇಲೆ ಅವರು ಸಾಕ್ಷಿಯನ್ನು ಹಾಜರುಪಡಿಸಿದ್ದರು. ಸರ್ಕಾರ ತಾನೇ ಬರೆದ ಗುರುತನ್ನು ಸರ್ಕಾರ ಓದಿಕೊಳ್ಳಲಿ. ಉಳಿಯುತ್ತದೆಯೋ ಮುಳುಗುತ್ತದೆಯೋ ಹೇಳಲಿ.

ಅಧಿಕಾರಿ ಹೊರಗೆ ಬಂದು ಗಾಡಿಯೊಳಗೆ ಬಗ್ಗಿ ನೋಡಿದರು. ಮದ್ರಾಸಿನ ಕಡೆಯವರು, ಪುಸ್ತಕದ ಕನ್ನಡ ಆಡುತ್ತಿದ್ದರು. ಕೆಟ್ಟವರಲ್ಲ.

“ಗೌಡರೇ, ಇದು ಇದ್ದ ಜಾಗದಲ್ಲಿದ್ದರೆ ಅಳತೆ. ಗಾಡಿಯ ಮೇಲೆ ಬಂದರೆ ಕಲ್ಲು.”

“ನಿಮ್ಮದ ಗುರುತಲ್ಲೇನ್ರಿ?”

“ನಮ್ಮದೇ. ಆದರೆ ಇದು ಈಗ ಏನನ್ನೂ ಹೇಳುವುದಿಲ್ಲ. ಎಲ್ಲಿತ್ತು ಎಂಬುದನ್ನು ಇನ್ನು ಯಾರೂ ಹೇಳಲಾರರು.”

ನನ್ನ ಬಳಿಯಿದ್ದ ನಕಲನ್ನು ಕೊಟ್ಟೆ. ಓದಿದರು. ಮೂಲ ಎಲ್ಲಿ ಎಂದರು. ಹೇಳಿದೆ. ತಲೆಯಾಡಿಸಿ ಹಿಂದಿರುಗಿಸಿದರು. ಐದು ಗಂಟೆಯವರೆಗೆ ಅರ್ಜಿ ಪುಸ್ತಕ ತೆರೆದೇ ಇರುತ್ತದೆ, ಬಂದಿರುವವರು ಈಗಲಾದರೂ ಹೆಬ್ಬೆಟ್ಟು ಒತ್ತಲಿ, ಮನೆಯ ಯಜಮಾನನೇ ಒತ್ತಬೇಕು, ಒಬ್ಬರ ಪರವಾಗಿ ಇನ್ನೊಬ್ಬರು ಒತ್ತುವಂತಿಲ್ಲ ಎಂದರು.

ಊರು ಒಂಬತ್ತು ಮೈಲಿ. ಗಾಡಿ ಹೋಗಿ ಜನರನ್ನು ಕರೆತರುವ ಹೊತ್ತಿಗೆ ಕತ್ತಲಾಗುತ್ತಿತ್ತು. ಐವರೂ ಅಂಗಳದ ಬೇವಿನ ಕೆಳಗೆ ಕೂತರು. ನಾಲ್ಕೂವರೆಯವರೆಗೆ ಅವರಲ್ಲಿ ಮಾತಾಯಿತು. ನಾನು ದೂರ ನಿಂತಿದ್ದೆ. ಆಮೇಲೆ ನಾಲ್ವರು ಒಬ್ಬೊಬ್ಬರಾಗಿ ಎದ್ದು ಒಳಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದರು. ಕಂಬದ ಸುಣ್ಣಕ್ಕೆ ಶಾಯಿ ಒರೆಸಿಕೊಂಡರು. ಅವರಲ್ಲಿ ಕಟ್ಟೆಯ ಮೇಲೆ ನನ್ನನ್ನು ಅಣಕಿಸಿದವನೂ ಇದ್ದ.

“ಗೌಡ್ರ, ನೀವೂ ಏಳ್ರಿ,” ಎಂದೆ. “ಇನ್ನೂ ಹೊತ್ತೈತಿ.”

“ಊರಿಗೆ ಬ್ಯಾಡ ಅಂದಾವ ನಾನು. ಊರೆಲ್ಲಾ ಹೊರಗಿಟ್ಟು ನಾನು ಒಳಗ ಹೆಂಗ ಹೋಗಲಿ? ಎಲ್ಲರದೂ ಆದಮ್ಯಾಲೆ ನಂದು.”

“ಎಲ್ಲರದೂ ಇವತ್ತು ಆಗಾಂಗಿಲ್ರಿ.”

“ಅದು ನನಗೂ ಗೊತ್ತೈತಿ.”

ಐದಕ್ಕೆ ಗುಮಾಸ್ತ ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಅಧಿಕಾರಿ ಸೈಕಲ್ಲು ಹತ್ತುವ ಮೊದಲು ಗೌಡರಿಗೆ ಕೈಮುಗಿದರು. ನಾಲ್ವರು ಗಾಡಿಯ ಹಿಂದೆ ನಿಂತಿದ್ದರು, ಗೌಡರ ಮುಖ ನೋಡಲಾರದೆ.

ಗೌಡರು ಎತ್ತುಗಳ ಕೊರಳು ಸವರಿ, ಗಾಡಿಯೊಳಗೆ ನೋಡಿ, ನನ್ನ ಕಡೆ ತಿರುಗಿದರು.

“ಪೇಪರ್‌ನ್ಯಾರ, ನೀವು ಓದಿದೋರು. ಊರಿಗೆ ಒಯ್ಯಾನ ಅಂದ್ರ ಊರ ಮುಳುಗತೈತಿ. ಇವರ ನಾಲ್ವರ ಜತಿ ಕಂಪ್ಲಿಗೆ ಕಳಿಸಾನ ಅಂದ್ರ ಊರಿಲ್ಲದ ಕಡೆ ಸ್ವಾಮಿ ಹೆಂಗ ಕುಂದ್ರತಾನ? ಇಲ್ಲೇ ಬಿಡಾನ ಅಂದ್ರ ಮಂದಿ ತುಳೀತಾರ. ಇದನ್ನ ಎಲ್ಲಿ ಇಳಸಲಿ?”

ಜಾರಿದ್ದ ಧೋತರದ ಅಂಚನ್ನು ನಾನು ಕಲ್ಲಿನ ಅಡಿಗೆ ಸೇರಿಸಿದೆ. ಗೌಡರು ಎತ್ತು ಹೂಡಿದರು.